ಹಾಲಿನ ಚೀಟಿಯ ಒಳಗೆ



ನನ್ನೆದುರಿನ ಮೇಜಿನ ಮೇಲೆ ಎರಡು ಬೆರಳಗಲದ ಒಂದು ಚೀಟಿ ಇದೆ. ಇವತ್ತು ಬೆಳಿಗ್ಗೆ ನಮ್ಮೂರ ಡೈರಿಗೆ ಹಾಲು ಹಾಕಿದಾಗ ಯಂತ್ರ ಕೊಟ್ಟ ಚೀಟಿ. ಮೇಲೆ ಊರಿನ ಹಾಲು ಉತ್ಪಾದಕರ ಸಂಘದ ಹೆಸರು, ದಿನಾಂಕ, ಗಂಟೆ. ಕೆಳಗೆ ಸದಸ್ಯರ ನಂಬರು 47, ಹಸುವಿನ ಹಾಲು, 8 ಲೀಟರ್, ಫ್ಯಾಟ್ 3.4, ಎಸ್‌ಎನ್‌ಎಫ್ 8.5. ಆಮೇಲೆ ಲೀಟರಿನ ದರ, ಕೊನೆಗೆ ಒಟ್ಟು ಹಣ. ನಮ್ಮಲ್ಲಿ ಹೆಚ್ಚಿನವರು ಓದುವುದು ಆ ಕೊನೆಯ ಸಾಲನ್ನು ಮಾತ್ರ. ಓದಿ, ಮುದುರಿ, ಜೇಬಿಗೋ ಸೆರಗಿನ ಗಂಟಿಗೋ ಸೇರಿಸುತ್ತೇವೆ. ಡೈರಿ ಮುಂದಿನ ಮೋರಿಯಲ್ಲಿ ಇಂಥ ಚೀಟಿಗಳು ದಿನಾ ಬಿದ್ದಿರುತ್ತವೆ.

ಸಂಸ್ಥೆಗಳು ಎಂತೆಂಥ ಮಾಹಿತಿ ಇಟ್ಟುಕೊಂಡು ನಡೆಯುತ್ತವೆ, ಅದನ್ನು ಹೇಗೆ ಓದಬೇಕು ಎಂಬುದು ಇವತ್ತಿನ ಮಾತು. ಬ್ಯಾಂಕು, ಆಸ್ಪತ್ರೆ, ಸಾರಿಗೆ ನಿಗಮ, ಫೋನ್ ಕಂಪನಿ, ಯಾವುದನ್ನಾದರೂ ತೆಗೆದುಕೊಂಡು ಹೇಳಬಹುದಿತ್ತು. ನಾನು ಹಾಲಿನ ಡೈರಿಯನ್ನೇ ಆರಿಸಿಕೊಂಡೆ. ಹಾಲು ಒಕ್ಕೂಟವೊಂದರಲ್ಲಿ ಲೆಕ್ಕ ನೋಡುತ್ತ ಬಹಳ ವರ್ಷ ಕಳೆದವನು ನಾನು ಎಂಬುದು ಒಂದು ಕಾರಣ. ಈ ಮಾತು ಕೇಳುತ್ತಿರುವವರಲ್ಲಿ ಎಷ್ಟೋ ಜನ ದಿನಕ್ಕೆ ಎರಡು ಹೊತ್ತು ಡೈರಿ ಮುಂದೆ ಸಾಲು ನಿಲ್ಲುವವರು ಎಂಬುದು ಇನ್ನೊಂದು.

ಡೇಟಾ ಎಂಬ ಮಾತಿಗೆ ನಾವು ಕನ್ನಡದಲ್ಲಿ ದತ್ತಾಂಶ ಅನ್ನುತ್ತೇವೆ. ದತ್ತ ಎಂದರೆ ಕೊಟ್ಟದ್ದು. ಆದರೆ ಯಾವ ಅಂಕಿಯೂ ತಾನಾಗಿ ಬಂದು ಕೈಗೆ ಬೀಳುವುದಿಲ್ಲ. ಯಾರೋ ಅಳೆದಿರುತ್ತಾರೆ, ಎಣಿಸಿರುತ್ತಾರೆ, ಕೇಳಿರುತ್ತಾರೆ, ಬರೆದಿರುತ್ತಾರೆ. ಅಂಕಿ ಹುಟ್ಟಿದ ಬಗೆ ಗೊತ್ತಿಲ್ಲದೆ ಅದನ್ನು ಬಳಸಲು ಹೊರಟರೆ ನಷ್ಟ ಆಗುವುದು ಅಂಕಿಗಲ್ಲ, ಮನುಷ್ಯನಿಗೆ. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ಚೀಟಿಗೆ ಬರೋಣ. 47 ಎಂದಿದೆಯಲ್ಲ, ಅದು ನೋಡಲು ಸಂಖ್ಯೆ, ಕೆಲಸದಲ್ಲಿ ಹೆಸರು. 47ನೇ ನಂಬರಿನವರು 23ನೇ ನಂಬರಿನವರಿಗಿಂತ ಎರಡರಷ್ಟು ದೊಡ್ಡವರಲ್ಲ. ಊರಿನ ಎಲ್ಲ ಸದಸ್ಯರ ನಂಬರು ಕೂಡಿಸಿ ಸರಾಸರಿ ತೆಗೆದರೆ ಒಂದು ಉತ್ತರವೇನೋ ಬರುತ್ತದೆ, ಅದಕ್ಕೆ ಅರ್ಥವಿಲ್ಲ. ಪಿನ್ ಕೋಡು, ಬಸ್ಸಿನ ನಂಬರು, ಹಸುವಿನ ಕಿವಿಯ ಹಳದಿ ಬಿಲ್ಲೆಯ ಮೇಲಿನ 12 ಅಂಕಿಗಳು, ಎಲ್ಲವೂ ಇದೇ ಜಾತಿ. ಗುರುತಿಗಾಗಿ ಇಟ್ಟ ಅಂಕಿಗಳು. ಹಸುವಿನ ಹಾಲೋ ಎಮ್ಮೆಯ ಹಾಲೋ ಎಂಬ ಸಾಲೂ ಇದೇ ಗುಂಪಿನದು. ಎರಡನ್ನೂ ಬೇರೆ ಬೇರೆ ಎಣಿಸಬಹುದು, ಆದರೆ ಒಂದರಿಂದ ಇನ್ನೊಂದನ್ನು ಕಳೆಯಲಾಗದು.

8 ಲೀಟರ್ ಎಂಬುದು ಹಾಗಲ್ಲ. ಅದು ನಿಜವಾದ ಅಳತೆ. 8 ಲೀಟರ್ 4 ಲೀಟರಿನ ಎರಡರಷ್ಟೇ ಸರಿ. ಕೂಡಿಸಬಹುದು, ಕಳೆಯಬಹುದು, ವಾರದ ಬಟವಾಡೆಗೆ ಗುಣಿಸಬಹುದು.

ಅಲ್ಲೇ ಪಕ್ಕದಲ್ಲಿ ಹಾಲು ತಂಪು ಮಾಡುವ ದೊಡ್ಡ ಸ್ಟೀಲ್ ತೊಟ್ಟಿಯ ಮೇಲೆ 4 ಡಿಗ್ರಿ ಎಂದು ಕೆಂಪು ಅಂಕಿ ಹೊಳೆಯುತ್ತಿರುತ್ತದೆ. ಕರೆಂಟು ಹೋಗಿ ಅದು 8 ಆಯಿತು ಎನ್ನಿ. ನಾಲ್ಕು ಡಿಗ್ರಿ ಏರಿತು ಎನ್ನುವುದು ಸರಿ. ಬಿಸಿ ಎರಡರಷ್ಟಾಯಿತು ಎನ್ನುವುದು ತಪ್ಪು, ಏಕೆಂದರೆ ಸೆಲ್ಸಿಯಸ್ ಮಾಪಕದ ಸೊನ್ನೆ ಎಂದರೆ ಬಿಸಿಯೇ ಇಲ್ಲ ಎಂದಲ್ಲ, ನೀರು ಹೆಪ್ಪುಗಟ್ಟುವ ಬಿಂದು ಅಷ್ಟೆ. ಇನ್ನು ಹಾಲು ಒಪ್ಪಿಸಿಕೊಳ್ಳುವವರು ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿ 'ಚೆನ್ನಾಗಿದೆ', 'ಪರವಾಗಿಲ್ಲ', 'ಹುಳಿ ಬಂದಿದೆ' ಎನ್ನುತ್ತಾರಲ್ಲ, ಅಲ್ಲಿ ಮೇಲು ಕೆಳಗು ಎಂಬ ಕ್ರಮ ಇದೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಎಂದು ಅಳೆಯಲಾಗದು. ಗುರುತು, ಕ್ರಮ, ಅಂತರ, ಪ್ರಮಾಣ. ಹೀಗೆ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದವರು ಅಮೆರಿಕದ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್, 1946ರಲ್ಲಿ. ಗುಜರಾತಿನ ಖೇಡಾ ಜಿಲ್ಲೆಯ ರೈತರು ಸೇರಿ ತಮ್ಮ ಹಾಲು ಒಕ್ಕೂಟವನ್ನು ನೋಂದಾಯಿಸಿದ್ದೂ ಅದೇ 1946ರಲ್ಲಿ. ಮುಂದೆ ಅಮುಲ್ ಎಂದು ಹೆಸರಾದದ್ದು ಆ ಒಕ್ಕೂಟವೇ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಆದರೂ ಆ ವರ್ಷವನ್ನು ನಾನು ಎರಡೂ ಕಾರಣಕ್ಕೆ ನೆನಪಿಟ್ಟುಕೊಂಡಿದ್ದೇನೆ.

ಈಗ ಫ್ಯಾಟಿನ ಸಾಲು, ಅಂದರೆ ಹಾಲಿನಲ್ಲಿ ಜಿಡ್ಡು ನೂರಕ್ಕೆ ಎಷ್ಟು ಎಂಬುದು. ಇದರ ಹಿಂದೆ ದೊಡ್ಡ ಕಥೆಯಿದೆ. ಹಾಲನ್ನು ತೂಕದ ಮೇಲೆ ಮಾತ್ರ ಕೊಳ್ಳುತ್ತಿದ್ದ ಕಾಲದಲ್ಲಿ ಗಟ್ಟಿ ಹಾಲು ತಂದವರಿಗೂ ನೀರು ಬೆರೆಸಿ ತಂದವರಿಗೂ ಒಂದೇ ಬೆಲೆ ಸಿಗುತ್ತಿತ್ತು. ಅಂದರೆ ನ್ಯಾಯವಾಗಿ ನಡೆದುಕೊಂಡವರಿಗೇ ನಷ್ಟ. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ವಿಜ್ಞಾನಿ ಹಾಲಿನ ಜಿಡ್ಡನ್ನು ಸುಲಭವಾಗಿ ಅಳೆಯುವ ವಿಧಾನ ಕಂಡುಹಿಡಿದರು. ಪೇಟೆಂಟ್ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಕಾಲಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಗರ್ಬರ್ ಎಂಬುವರು ರೂಪಿಸಿದ ವಿಧಾನ ನಮ್ಮ ಡೈರಿಗಳಿಗೆ ಬಂತು. ಹತ್ತು ಮಿಲಿ ಗಂಧಕಾಮ್ಲ, ಅದರ ಮೇಲೆ ಹತ್ತೂ ಮುಕ್ಕಾಲು ಮಿಲಿ ಹಾಲು, ಒಂದು ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಕುಲುಕಿ ಯಂತ್ರದಲ್ಲಿ ತಿರುಗಿಸಿದರೆ ಜಿಡ್ಡು ಹೊಂಬಣ್ಣದ ಗೆರೆಯಾಗಿ ಗಾಜಿನ ಕುತ್ತಿಗೆಗೆ ಬಂದು ನಿಲ್ಲುತ್ತದೆ. ಆ ಆಮ್ಲ ಸಿಡಿದು ಅಂಗಿಯಲ್ಲಿ ತೂತು ಬಿದ್ದ, ಬೆರಳಲ್ಲಿ ಕಲೆ ಉಳಿದ ಹಳೆಯ ಟೆಸ್ಟರುಗಳು ಇವತ್ತಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಒಂದು ಅಂಕಿಯನ್ನು ಸರಿಯಾಗಿ ಬರೆಯಲು ಅವರು ಪಟ್ಟ ಪಾಡು ಯಾವ ಕಡತದಲ್ಲೂ ಇಲ್ಲ.

ಹೀಗೆ ಬಂದ ಅಂಕಿಯ ಸರಾಸರಿ ತೆಗೆಯುವಲ್ಲಿ ಜನ ಎಡವುತ್ತಾರೆ. ಬೆಳಿಗ್ಗೆ 8 ಲೀಟರ್ ಹಾಕಿದಿರಿ, ಫ್ಯಾಟ್ 3.4. ಸಂಜೆ 2 ಲೀಟರ್, ಫ್ಯಾಟ್ 4.4. ಬೆಳಗಿನ ಕರಾವಿಗೂ ಸಂಜೆಯ ಕರಾವಿಗೂ ನಡುವಿನ ಹೊತ್ತು ಕಡಿಮೆ ಇರುವುದರಿಂದ ಸಂಜೆಯ ಹಾಲಿನಲ್ಲಿ ಜಿಡ್ಡು ಸಾಮಾನ್ಯವಾಗಿ ಹೆಚ್ಚು. ದಿನದ ಸರಾಸರಿ ಎಷ್ಟು? ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 3.9. ಅದು ತಪ್ಪು. ಹಾಲನ್ನೆಲ್ಲ ಒಂದೇ ಕ್ಯಾನಿಗೆ ಸುರಿದು ಅಳೆದರೆ ಸಿಗುವುದು 3.6. ಪ್ರತಿಶತ ಎಂಬುದು ಇನ್ನೊಂದು ಅಳತೆಯ ಹೆಗಲ ಮೇಲೆ ಕುಳಿತ ಅಂಕಿ. ಆ ಹೆಗಲು ಎಷ್ಟು ದೊಡ್ಡದು ಎಂದು ನೋಡದೆ ಅದನ್ನು ಕೂಡಿಸಬಾರದು. ಶಾಲೆಗಳ ಪಾಸಾದವರ ಪ್ರಮಾಣವನ್ನೂ ಆಸ್ಪತ್ರೆಗಳಲ್ಲಿ ಗುಣವಾದವರ ಪ್ರಮಾಣವನ್ನೂ ಹೀಗೆಯೇ ಅರ್ಧ ಮಾಡಿ ವರದಿಗೆ ಹಾಕಿರುವುದನ್ನು ನಾನು ನೋಡಿದ್ದೇನೆ.

ಎಸ್‌ಎನ್‌ಎಫ್ ಎಂದರೆ ಜಿಡ್ಡನ್ನು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ. ಪ್ರೋಟೀನು, ಹಾಲಿನ ಸಕ್ಕರೆ, ಖನಿಜಗಳು. ಇದನ್ನು ಹಳೆಯ ಪದ್ಧತಿಯಲ್ಲಿ ಯಾರೂ ನೇರವಾಗಿ ಅಳೆಯುತ್ತಿರಲಿಲ್ಲ. ಹಾಲು ಗಟ್ಟಿಯೋ ತೆಳುವೋ ಎಂದು ನೋಡಲು ಅದರೊಳಗೆ ಇಳಿಬಿಡುವ ಲ್ಯಾಕ್ಟೋಮೀಟರು ತೋರಿಸಿದ ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿ, ಫ್ಯಾಟಿನ ಒಂದು ಸಣ್ಣ ಪಾಲು ಸೇರಿಸಿ, ಮೇಲೊಂದು ಗೊತ್ತಾದ ಸಂಖ್ಯೆ ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಅಂದರೆ ಇದು ಅಳೆದ ಅಂಕಿಯಲ್ಲ, ಎರಡು ಅಳತೆಗಳಿಂದ ಕಟ್ಟಿದ ಅಂಕಿ. ಬುಡದ ಎರಡರಲ್ಲಿ ಒಂದು ತಪ್ಪಿದರೂ ಇದು ತಪ್ಪುತ್ತದೆ, ಹಣವೂ ತಪ್ಪುತ್ತದೆ, ಕೆಲವೊಮ್ಮೆ ಮಾನವೂ.

ಮಾನದ ಮಾತು ಏಕೆಂದರೆ, ನಾನು ಹೈಸ್ಕೂಲಿನಲ್ಲಿದ್ದಾಗ ನಡೆದದ್ದೊಂದು ನೆನಪಿದೆ. ನಮ್ಮ ಮನೆಯಲ್ಲಿ ಒಂದೇ ಹಸು. ಕೊಟ್ಟಿಗೆಗೂ ಡೈರಿಗೂ ನೂರು ಹೆಜ್ಜೆ. ಅವ್ವ ಕರೆದ ಕೈಯಲ್ಲೇ ಹಾಲು ತೆಗೆದುಕೊಂಡು ಹೋಗುತ್ತಿದ್ದಳು, ನೊರೆ ಆರುವ ಮೊದಲೇ ಸಾಲಿನಲ್ಲಿ ನಿಂತಿರುತ್ತಿದ್ದಳು. ಒಂದು ಬೆಳಿಗ್ಗೆ ಟೆಸ್ಟರು ಲ್ಯಾಕ್ಟೋಮೀಟರು ಇಳಿಬಿಟ್ಟು ನೋಡಿ, ಎಲ್ಲರಿಗೂ ಕೇಳುವಂತೆ, "ಏನಕ್ಕಾ, ನೀರು ಜಾಸ್ತಿ ಆಯ್ತಲ್ಲ" ಎಂದ. 25 ಡಿಗ್ರಿ ತೋರಿಸುತ್ತಿತ್ತು. "ಇಲ್ಲ ಕಣಪ್ಪ, ಒಂದು ತೊಟ್ಟು ನೀರು ಹಾಕಿಲ್ಲ" ಎಂದಳು ಅವ್ವ. ಸಾಲಿನಲ್ಲಿದ್ದವರು ತಲೆ ತಗ್ಗಿಸಿದರು. ಯಾರೂ ಮಾತಾಡಲಿಲ್ಲ. ಅವ್ವ ಹಾಲನ್ನು ವಾಪಸು ತಂದು ಜಗಲಿಯ ಮೇಲಿಟ್ಟು ಕುಳಿತುಬಿಟ್ಟಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವತ್ತು ಮಧ್ಯಾಹ್ನ ಊರಿಗೆ ಬಂದ ಒಕ್ಕೂಟದ ಮೇಲ್ವಿಚಾರಕರೊಬ್ಬರಿಗೆ ಈ ಸುದ್ದಿ ತಿಳಿದು, ಮಾರನೆಯ ಬೆಳಿಗ್ಗೆ ಅವರೇ ಬಂದು ನಮ್ಮ ಕೊಟ್ಟಿಗೆಯಲ್ಲಿ ನಿಂತರು. ಅವರ ಎದುರಿಗೇ ಹಾಲು ಕರೆದದ್ದು. ಆಗಲೇ ಅಳೆದಾಗ ಮತ್ತೆ 25. ಅವರು ಏನೂ ಹೇಳದೆ ಆ ಹಾಲಿನ ಪಾತ್ರೆಯನ್ನು ತಣ್ಣೀರಿನ ಬಾನಿಯಲ್ಲಿ ಇಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಕಲಕಿ ಮತ್ತೆ ಅಳೆದರು. 27. ಬಿಸಿ ಹಾಲು ತಣ್ಣಗಿನ ಹಾಲಿಗಿಂತ ತೆಳುವಾಗಿ ತೋರುತ್ತದೆ, ಲ್ಯಾಕ್ಟೋಮೀಟರು ಅದರಲ್ಲಿ ಹೆಚ್ಚು ಮುಳುಗುತ್ತದೆ, ಹಾಲಿನ ಬಿಸಿ ಎಷ್ಟಿತ್ತು ಎಂದು ನೋಡಿ ತಿದ್ದುಪಡಿ ಹಾಕಬೇಕು ಎಂದು ಎಲ್ಲರಿಗೂ ಕೇಳುವಂತೆಯೇ ಹೇಳಿದರು. ನಮ್ಮ ಮನೆ ಡೈರಿಗೆ ಹತ್ತಿರ ಇದ್ದದ್ದೇ ಅವ್ವನ ತಪ್ಪಾಗಿತ್ತು. ದೂರದವರ ಹಾಲು ದಾರಿಯಲ್ಲೇ ಆರಿ ಬರುತ್ತಿತ್ತು.

ಆ 25 ಎಂಬುದು ಸುಳ್ಳಲ್ಲ. ಉಪಕರಣ ತೋರಿಸಿದ್ದು ಅದನ್ನೇ. ಅದರ ಜೊತೆಗೆ ಇರಬೇಕಾಗಿದ್ದ ಇನ್ನೊಂದು ಅಂಕಿ, ಹಾಲಿನ ಬಿಸಿ ಎಷ್ಟು ಎಂಬುದು, ಅಲ್ಲಿರಲಿಲ್ಲ. ಅಂಕಿಯ ಬಗ್ಗೆ ಹೇಳುವ ಈ ಅಂಕಿಗಳಿಗೆ ಈಗಿನ ಪರಿಭಾಷೆಯಲ್ಲಿ ಮೆಟಾಡೇಟಾ ಎನ್ನುತ್ತಾರೆ. ಯಾವಾಗ ಅಳೆದದ್ದು, ಯಾವ ಉಪಕರಣದಿಂದ, ಯಾರು, ಯಾವ ಸ್ಥಿತಿಯಲ್ಲಿ. ಚೀಟಿಯ ಮೇಲಿನ ಸಾಲಿನಲ್ಲಿ ದಿನಾಂಕ, ಗಂಟೆ ಇದೆಯಲ್ಲ, ಅದು ಅಲಂಕಾರಕ್ಕಲ್ಲ. ಕೆಳಗಿನ ಸಾಲುಗಳಿಗೆ ಸಾಕ್ಷಿ. ಈಗಿನ ಹಲವು ಯಂತ್ರಗಳು ಹಾಲಿನೊಳಗೆ ಧ್ವನಿತರಂಗ ಹಾಯಿಸಿ ಸ್ವಲ್ಪ ಹೊತ್ತಿನಲ್ಲೇ ಅಂದಾಜು ಕೊಡುತ್ತವೆ. ಆದರೆ ಆ ಯಂತ್ರವನ್ನು ಕೊನೆಯ ಸಲ ಯಾವಾಗ ತೊಳೆದು ತಾಳೆ ನೋಡಿದರು ಎಂಬ ಪ್ರಶ್ನೆ ಇವತ್ತಿಗೂ ಕೇಳಬೇಕಾದದ್ದೇ.

ಇನ್ನು ಬರೆಯದೆ ಉಳಿದ ಮಾಹಿತಿ. ನಾನು ಕೆಲಸದಲ್ಲಿದ್ದಾಗ ಒಂದು ಹಳ್ಳಿಯ ಸಂಘದ ಲೆಕ್ಕದಲ್ಲಿ ಐದು ದಿನಗಳ ಎದುರಿಗೆ ಸೊನ್ನೆ ಬಿದ್ದಿತ್ತು. ತಿಂಗಳ ಸರಾಸರಿ ಇಳಿಯಿತು. ಹಾಲು ಕಡಿಮೆಯಾದ ಊರುಗಳ ಪಟ್ಟಿಗೆ ಆ ಊರು ಸೇರಿತು, ಆ ತಿಂಗಳು ಅಲ್ಲಿಗೆ ಹೋಗಬೇಕಿದ್ದ ಪಶು ಆಹಾರದ ಮೂಟೆಗಳೂ ಕಡಿಮೆಯಾದವು. ಹೋಗಿ ವಿಚಾರಿಸಿದರೆ ಯಂತ್ರ ಕೆಟ್ಟಿತ್ತು ಅಷ್ಟೆ. ಹಾಲು ದಿನಾ ಬಂದಿತ್ತು, ಕಾರ್ಯದರ್ಶಿ ನೋಟ್ ಪುಸ್ತಕದಲ್ಲಿ ಮುದ್ದಾಗಿ ಬರೆದಿಟ್ಟಿದ್ದರು. ಕಂಪ್ಯೂಟರಿನಲ್ಲಿ ಖಾಲಿ ಬಿಡಬೇಕಾದ ಕಡೆ ಸೊನ್ನೆ ತುಂಬಿದವನು ನಮ್ಮ ಕಚೇರಿಯ ಹುಡುಗ, ಸಹಿ ಹಾಕಿದವನು ನಾನು. ಹಾಲು ಬರಲಿಲ್ಲ ಎನ್ನುವುದು ಸೊನ್ನೆ. ಬಂದದ್ದು ಗೊತ್ತಿಲ್ಲ ಎನ್ನುವುದು ಖಾಲಿ. ಹಸು ಗಬ್ಬವಾಗಿ ಬತ್ತಿದ್ದರೆ ಅದು ಮೂರನೆಯ ಸಂಗತಿ. ಮೂರಕ್ಕೂ ಒಂದೇ ಗುರುತು ಹಾಕಿದರೆ ಆಮೇಲೆ ಎಂಥ ದೊಡ್ಡ ಕಂಪ್ಯೂಟರ್ ತಂದರೂ ಅವನ್ನು ಬಿಡಿಸಲಾಗದು.

ಸಂಘದ ಬೀರುವಿನಲ್ಲಿ ಎರಡು ಬಗೆಯ ದಾಖಲೆಗಳಿರುತ್ತವೆ. ಸದಸ್ಯರ ಹೆಸರು, ತಂದೆ ಅಥವಾ ಗಂಡನ ಹೆಸರು, ಬ್ಯಾಂಕಿನ ಖಾತೆ, ಇವು ನಿಧಾನಕ್ಕೆ ಬದಲಾಗುವಂಥವು. ದಿನದ ಹಾಲಿನ ಲೆಕ್ಕ ಹೊತ್ತು ಹೊತ್ತಿಗೆ ಬೆಳೆಯುವಂಥದ್ದು. ಎರಡೂ ಗೆರೆ ಹಾಕಿದ ಕಾಲಮ್ಮುಗಳಲ್ಲಿ ಕೂರುತ್ತವೆ. ಕೂರದೆ ಹೊರಗೆ ಉಳಿಯುವುದೇ ಹೆಚ್ಚು. ಸರ್ವ ಸದಸ್ಯರ ಸಭೆಯಲ್ಲಿ ಯಾರೋ ಎದ್ದು ನಿಂತು ಆಡಿದ ಮಾತು, ಪಶುವೈದ್ಯರು ಚೀಟಿಯಲ್ಲಿ ಗೀಚಿದ್ದು, ಮೊಬೈಲಿಗೆ ಬಂದ ಕೆಚ್ಚಲು ಬಾವಿನ ಫೋಟೊ, ಹಾಲಿನ ಲಾರಿಯ ಡ್ರೈವರ್ ಹೇಳಿದ ಸುದ್ದಿ. ಇವಕ್ಕೆ ಕಾಲಮ್ಮಿಲ್ಲ ಎಂದು ಕಚೇರಿಗಳು ಕೈಬಿಡುತ್ತವೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಹಬ್ಬಿದಾಗ ನಮ್ಮ ಕಡೆ ಮೊದಲು ಗೊತ್ತಾದದ್ದು ಲೀಟರಿನ ಅಂಕಿಯಿಂದಲ್ಲ. "ಮೈಯೆಲ್ಲ ಗಂಟು ಎದ್ದಿದೆ, ಮೇವು ಮುಟ್ಟುತ್ತಿಲ್ಲ" ಎಂದು ಡೈರಿ ಜಗಲಿಯ ಮೇಲೆ ಒಬ್ಬ ಹೆಣ್ಣುಮಗಳು ಹೇಳಿದ ಮಾತಿನಿಂದ. ಅಂಕಿ ಇಳಿದದ್ದು ಆಮೇಲೆ. ಎಷ್ಟು ಎಂಬುದನ್ನು ಸಂಖ್ಯೆ ಹೇಳುತ್ತದೆ. ಏಕೆ ಎಂಬುದನ್ನು ತಿಳಿಯಲು ಮನುಷ್ಯರ ಮಾತನ್ನೇ ಕೇಳಬೇಕು.

ಊರೂರಿನ ಈ ಚೀಟಿಗಳೆಲ್ಲ ಸೇರಿ ಜಿಲ್ಲೆಯ ಒಕ್ಕೂಟದ ಲೆಕ್ಕವಾಗುತ್ತವೆ, ಒಕ್ಕೂಟಗಳ ಲೆಕ್ಕ ಕರ್ನಾಟಕ ಹಾಲು ಮಹಾಮಂಡಳಕ್ಕೆ ಹೋಗುತ್ತದೆ. 2024ರ ಜೂನ್ ಕೊನೆಯಲ್ಲಿ ಆ ಒಟ್ಟು ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು. ಆ ಸಮಯದಲ್ಲೇ ನಂದಿನಿ ಹಾಲಿನ ಪೊಟ್ಟಣಕ್ಕೆ 50 ಮಿಲಿ ಹಾಲು ಹೆಚ್ಚಿಗೆ ಸೇರಿಸಿ, ಬೆಲೆ ಎರಡು ರೂಪಾಯಿ ಏರಿಸಿದರು. ಹಳ್ಳಿಯ ಕೊಟ್ಟಿಗೆಯಲ್ಲಿ ಹುಟ್ಟಿದ ಅಂಕಿ ನಗರದ ಅಡುಗೆಮನೆಯ ಪೊಟ್ಟಣವನ್ನು ದಪ್ಪ ಮಾಡಿತು. ಒಂದು ಕೋಟಿ ಎಂಬುದು ಸಂತೋಷದ ಅಂಕಿ, ನನಗೂ ಸಂತೋಷವಾಯಿತು. ಆದರೆ ಅದು ಜೂನಿನ ಅಂಕಿ. ಮುಂಗಾರು ಬಂದು ಹಸಿ ಮೇವು ಚಿಗುರಿದಾಗ ಹಾಲು ಉಕ್ಕುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಕಾಲದ ಸಾಲಿನಲ್ಲಿ ಬರುವ ದತ್ತಾಂಶವನ್ನು ಹಿಂದಿನ ವರ್ಷದ ಅದೇ ತಿಂಗಳ ಪಕ್ಕದಲ್ಲಿಟ್ಟು ನೋಡಬೇಕು. ಜೂನನ್ನು ಏಪ್ರಿಲ್ ಜೊತೆ ಹೋಲಿಸಿ ಬೆನ್ನು ತಟ್ಟಿಕೊಳ್ಳುವುದೂ ಬೇಡ, ಏಪ್ರಿಲನ್ನು ಜೂನ್ ಜೊತೆ ಹೋಲಿಸಿ ಕಾರ್ಯದರ್ಶಿಯನ್ನು ಬಯ್ಯುವುದೂ ಬೇಡ.

ಸಂಸ್ಥೆ ತಾನೇ ಅಳೆಯದ, ಬೇರೆಯವರು ಕಲೆಹಾಕಿದ ಮಾಹಿತಿಯನ್ನೂ ಬಳಸುತ್ತದೆ. ನಮ್ಮ ದೇಶದಲ್ಲಿ ಜಾನುವಾರು ಗಣತಿ 1919ರಿಂದ ನಡೆದುಬಂದಿದೆ. 2019ರ 20ನೇ ಗಣತಿಯಲ್ಲಿ ದೇಶದ ಜಾನುವಾರುಗಳ ಸಂಖ್ಯೆ 53 ಕೋಟಿ ದಾಟಿತ್ತು. ಲಸಿಕೆ ಎಷ್ಟು ತರಿಸಬೇಕು, ಹೊಸ ಸಂಘ ಎಲ್ಲಿ ತೆರೆಯಬೇಕು ಎಂದು ಯೋಚಿಸಲು ಇದು ಬೇಕು. ಆದರೆ ಎಣಿಸಿದ ವರ್ಷವನ್ನು ನೋಡಿಕೊಳ್ಳಬೇಕು. ಅಂದು ಕರುವಾಗಿ ಎಣಿಕೆಗೆ ಸಿಕ್ಕಿದ್ದು ಇಂದು ಎರಡು ಮೂರು ಕರು ಹಾಕಿದ ಹಸುವಾಗಿರುತ್ತದೆ.

ಒಂದು ಮಾತು ಬಾಕಿ ಇದೆ, ಅದು ಎಚ್ಚರಿಕೆಯ ಮಾತು. ಸರ್ಕಾರ ಲೀಟರಿನ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ ರೈತರ ಖಾತೆಗೇ ನೇರವಾಗಿ ಬರಬೇಕಾದ್ದರಿಂದ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರು ಎಲ್ಲವೂ ಸಂಘದ ಕೈಯಲ್ಲಿರುತ್ತವೆ. ಇವು ವೈಯಕ್ತಿಕ ಮಾಹಿತಿ. ಹಾಲಿನ ಲೆಕ್ಕವನ್ನು ಸಭೆಯಲ್ಲಿ ಓದಬಹುದು, ಇವನ್ನು ಓದುವಂತಿಲ್ಲ. ಆಧಾರ್ ನಂಬರು ಸಮೇತ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಂಟಿಸಿದವರಿಗೆ ಅದು ತಪ್ಪೆಂದು ಹೊಳೆದೇ ಇರಲಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಕಾಯ್ದೆ ಇರಲಿ ಬಿಡಲಿ, ನೆರೆಯವರ ಖಾತೆಯ ನಂಬರನ್ನು ನಮ್ಮದರಷ್ಟೇ ಜೋಪಾನ ಮಾಡಬೇಕು.

ಡೈರಿಗೆ ಹಾಲು ಹಾಕುವ ಅಕ್ಕ, ಅಣ್ಣ, ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಇವತ್ತು ಸಂಜೆ ಸಿಗುವ ಚೀಟಿಯನ್ನು ಬಿಸಾಡಬೇಡಿ. ಅದರ ಮೇಲಿನ ಅಕ್ಷರ ಬೇಗ ಮಾಸುತ್ತದೆ, ಹಾಗಾಗಿ ಮನೆಯಲ್ಲಿ ಓದುವ ಮಕ್ಕಳ ಕೈಲಿ ಒಂದು ನೋಟ್ ಪುಸ್ತಕದಲ್ಲಿ ಬರೆಸಿಡಿ. ದಿನಾಂಕ, ಬೆಳಿಗ್ಗೆಯೋ ಸಂಜೆಯೋ, ಲೀಟರು, ಫ್ಯಾಟು, ಎಸ್‌ಎನ್‌ಎಫ್. ಕೊನೆಯಲ್ಲಿ ಒಂದು ಕಾಲಮ್ಮನ್ನು ಅಗಲವಾಗಿ ಬಿಡಿ. ಹಿಂಡಿ ಬದಲಾಯಿಸಿದ್ದು, ಹಸು ಬೆದೆಗೆ ಬಂದದ್ದು, ಡಾಕ್ಟರು ಬಂದು ಹೋದದ್ದು, ಜೋರು ಮಳೆ ಬಂದದ್ದು, ಅದರಲ್ಲಿ ಬರೆಸಿ. ಹಾಲು ಹಾಕದ ದಿನ ಸೊನ್ನೆ ಬರೆದು ಬಿಡಬೇಡಿ, ಏಕೆ ಹಾಕಲಿಲ್ಲ ಎಂದು ಎರಡು ಮಾತು ಬರೆಸಿ. ಮೂರು ತಿಂಗಳಾದ ಮೇಲೆ ಆ ಪುಸ್ತಕ ಹಿಡಿದು ನಿಮ್ಮ ಸಂಘದ ಸಭೆಗೆ ಹೋಗಿ, ನಿಮ್ಮ ಲೆಕ್ಕವನ್ನು ಅವರ ಲೆಕ್ಕದ ಪಕ್ಕ ಇಟ್ಟು ನೋಡಿ.